ಬೆಂಗಳೂರು ಬಸ್ಸು ಹತ್ತದ ನಟಿ

ಕೊಡವೂರಿನ ಮಾನಸಿ ಸುಧೀರ್‌ಗೆ ಸಿಕ್ಕಿದ ದಾರಿ ಉಳಿದ ಹುಡುಗಿಯರಿಗೂ ಸಿಕ್ಕೀತೇ?

2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಗೆ ಬಂತು. ಪಂಜುರ್ಲಿ ಬಂತು, ಗುಳಿಗ ಬಂತು, ಕಂಬಳದ ಗದ್ದೆ ಬಂತು. ಅದರ ನಡುವೆ ಒಬ್ಬಳು ಅಮ್ಮನೂ ಬಂದಳು. ಕಾಡು ಸುತ್ತಿ, ಊರೆಲ್ಲ ಜಗಳ ಕಾದು ಬರುವ ಮಗನಿಗೆ ಬಾಯ್ತುಂಬ ಬೈಯುವ, ಕೈಗೆ ಸಿಕ್ಕಿದ್ದರಲ್ಲಿ ಬಾರಿಸುವ ಕಮಲ. ಬೈಗುಳದ ಹಿಂದೆ ಇರುವುದು ಹೆದರಿಕೆ. ಗಂಡ ಕೋಲದ ದಿನ ಕಾಡಿನೊಳಗೆ ಹೋದವ ತಿರುಗಿ ಬರಲಿಲ್ಲ, ಮಗನೂ ಅದೇ ದಾರಿ ಹಿಡಿದರೆ ಏನು ಗತಿ ಎಂಬ ಹೆದರಿಕೆ.

ಸಿನಿಮಾ ನೋಡಿ ಹೊರಬಂದ ನಮ್ಮ ಜನ ದೈವದ ಬಗ್ಗೆ ಮಾತಾಡಿದಷ್ಟೇ ಈ ಅಮ್ಮನ ಬಗ್ಗೆಯೂ ಮಾತಾಡಿದರು. ಯಾರು ಮಾರಾಯ್ರೆ ಈಕೆ, ನಮ್ಮ ಆಚೆಮನೆಯವರ ಹಾಗೇ ಉಂಟಲ್ಲ ಎಂದರು. ಉಡುಪಿಯವರ ಮಟ್ಟಿಗೆ ಅದು ಬರೀ ಹೊಗಳಿಕೆ ಅಲ್ಲ, ನಿಜವಾದ ಸಂಗತಿ. ಕಮಲನ ಪಾತ್ರ ಮಾಡಿದ ಮಾನಸಿ ಸುಧೀರ್ ಇರುವುದು ಮಲ್ಪೆಯ ಪಕ್ಕದ ಕೊಡವೂರಿನಲ್ಲಿ. ಪತಿ ಸುಧೀರ್ ರಾವ್ ಅವರೊಡನೆ ನೃತ್ಯನಿಕೇತನ ನಡೆಸುತ್ತ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುವವರು.

ಅಂದರೆ ಒಬ್ಬ ನಟಿ ಉಡುಪಿಯಲ್ಲೇ ಇದ್ದುಕೊಂಡು, ಊರಿನ ಮಕ್ಕಳಿಗೆ ತಾಳ ಹಾಕುತ್ತಲೇ ಇಡೀ ದೇಶದ ತೆರೆಗೆ ಬಂದರು. ಕನ್ನಡದಲ್ಲಿ ಗೆದ್ದ ಮೇಲೆ ಅದೇ ಅಕ್ಟೋಬರಿನಲ್ಲಿ ಹಿಂದಿ, ತೆಲುಗು, ತಮಿಳು, ಮಲಯಾಳಂ ಭಾಷೆಗೂ ಚಿತ್ರ ಹೋಯಿತು. ಶಿವನ ಪಾತ್ರ ಮಾಡಿದ ಕೆರಾಡಿಯ ರಿಷಬ್ ಶೆಟ್ಟರಿಗೆ 2024ರಲ್ಲಿ ರಾಷ್ಟ್ರಪ್ರಶಸ್ತಿಯೂ ಘೋಷಣೆಯಾಯಿತು. ಆ ಶಿವನಿಗೆ ಬೈದು ಬುದ್ಧಿ ಹೇಳಿದ ಅಮ್ಮ ಮಾತ್ರ ನಮ್ಮ ಸಿಟಿ ಬಸ್ಸು ಹೋಗುವ ಊರಿನವರು. ಇದು ಸಣ್ಣ ಸಂಗತಿಯೇನಲ್ಲ. ಯಾಕೆಂದರೆ ಇದಕ್ಕೆ ಮೊದಲು ಈ ಕರಾವಳಿಯಿಂದ ನಟಿಯಾದವರ ಕತೆಯೆಲ್ಲ ಶುರುವಾಗುವುದೇ ಊರು ಬಿಟ್ಟಲ್ಲಿಂದ.

ಊರು ಬಿಟ್ಟವರ ಸಾಲು

ಪಂಡರಿಬಾಯಿ ಹುಟ್ಟಿದ್ದು 1928ರಲ್ಲಿ, ಭಟ್ಕಳದಲ್ಲಿ. ಹರಿಕತೆ ಮಾಡುತ್ತಿದ್ದ ಹುಡುಗಿ 1943ರ 'ವಾಣಿ'ಯಲ್ಲಿ ತೆರೆಗೆ ಬಂದರು. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರ್‌ಗೆ ನಾಯಕಿಯಾದರು. ಅವರ ಬಾಳ್ವೆಯೆಲ್ಲ ಮದ್ರಾಸಿನಲ್ಲಿ ಕಳೆಯಿತು.

ಲೀಲಾವತಿ ಬೆಳ್ತಂಗಡಿಯವರು. ಕಂಪೆನಿ ನಾಟಕದಲ್ಲಿ ಪಳಗಿ, ಸಣ್ಣಪುಟ್ಟ ಪಾತ್ರ ಮಾಡಿ, 1958ರ 'ಮಾಂಗಲ್ಯ ಯೋಗ'ದಲ್ಲಿ ನಾಯಕಿಯಾದರು. 1960ರಲ್ಲಿ 'ರಾಣಿ ಹೊನ್ನಮ್ಮ', 'ರಣಧೀರ ಕಂಠೀರವ' ಬಂದ ಮೇಲೆ ಹಿಂದೆ ನೋಡಲಿಲ್ಲ. ನಾಯಕಿಯಾಗಿ, ಆಮೇಲೆ ಅಮ್ಮನಾಗಿ, ಅಜ್ಜಿಯಾಗಿ ದುಡಿದರು. 2023ರ ಡಿಸೆಂಬರ್ 8ರಂದು ತೀರಿಕೊಂಡದ್ದು ನೆಲಮಂಗಲದಲ್ಲಿ.

ಇನ್ನು ಮಂಗಳೂರಿನ ಶರತ್‌ಲತಾ. ಹಾಗೆಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಮಿನುಗುತಾರೆ ಕಲ್ಪನಾ ಎಂದರೆ ಗೊತ್ತಾದೀತು. 1963ರಲ್ಲಿ ಪಂತುಲು ಅವರ 'ಸಾಕು ಮಗಳು', 1967ರಲ್ಲಿ ಪುಟ್ಟಣ್ಣನವರ 'ಬೆಳ್ಳಿಮೋಡ', 1969ರಲ್ಲಿ 'ಗೆಜ್ಜೆಪೂಜೆ', 1971ರಲ್ಲಿ 'ಶರಪಂಜರ'. ಎಂಟು ವರ್ಷಗಳಲ್ಲಿ ಶಿಖರ. ಆಮೇಲೆ ಸಿನಿಮಾದ ಕರೆ ಕಡಿಮೆಯಾಯಿತು. ಹೊಟ್ಟೆಪಾಡಿಗೂ ಮನಸ್ಸಿನ ಹಸಿವಿಗೂ ಮತ್ತೆ ನಾಟಕವೇ ಬೇಕಾಯಿತು. ಗುಡಗೇರಿ ಬಸವರಾಜ್ ಅವರ ಕಂಪೆನಿಯೊಡನೆ ಉತ್ತರ ಕರ್ನಾಟಕದ ಊರೂರು ತಿರುಗಿದರು. 1979ರ ಮೇ 12ರಂದು ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಆ ಬದುಕು ಮುಗಿಯಿತು. ಹುಟ್ಟಿದ ಊರು ಎಲ್ಲಿ, ಗೋಟೂರು ಎಲ್ಲಿ!

ಮೂವರೂ ದೊಡ್ಡವರೇ. ಮೂವರೂ ಮೊದಲು ಮೆಟ್ಟಿದ್ದು ಕತೆಯ ಅಥವಾ ನಾಟಕದ ವೇದಿಕೆ. ಮೂವರಿಗೂ ಸಿನಿಮಾ ಅಂದರೆ ಊರು ಬಿಡುವುದು.

ಉಡುಪಿಯ ವಿನಯಾ

ನಮ್ಮ ಪೇಟೆಗೆ ಹತ್ತಿರದ ಕತೆ ವಿನಯಾ ಪ್ರಸಾದ್ ಅವರದು. ಉಡುಪಿಯಲ್ಲಿ ಹುಟ್ಟಿದವರು. ಜಿ.ವಿ. ಅಯ್ಯರ್ ಅವರ 'ಮಧ್ವಾಚಾರ್ಯ'ದಲ್ಲಿ ಒಂದು ಸಣ್ಣ ಪಾತ್ರದಿಂದ ಶುರು. ಅದೂ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಸಿನಿಮಾ, ಉಡುಪಿಯ ನಂಟು ಅಲ್ಲಿಯೂ ಬಿಡಲಿಲ್ಲ ನೋಡಿ.

1990ರಲ್ಲಿ ಫಣಿ ರಾಮಚಂದ್ರರ 'ಗಣೇಶನ ಮದುವೆ' ಬಂತು. ವಠಾರದ ಕತೆ. ಅನಂತನಾಗ್ ಅವರ ಗಣೇಶನಿಗೆ ನೆರೆಮನೆಯ ಆದಿಲಕ್ಷ್ಮಿಯನ್ನು ಕಂಡರಾಗದು, ಆದರೆ ಹಾಡುವ ಶ್ರುತಿ ಎಂದರೆ ಪ್ರಾಣ. ಇಬ್ಬರೂ ಒಬ್ಬಳೇ ಎಂಬುದು ಅವನಿಗೆ ಗೊತ್ತಿಲ್ಲ. ಒಂದೇ ಹುಡುಗಿ ಅವನೆದುರು ಸಿಡುಕಬೇಕು, ಕಾಗದದಲ್ಲಿ ಕರಗಬೇಕು. ಅನಂತನಾಗ್ ಎದುರು ನಿಂತು ನಗಿಸುವುದು ಹೊಸಬರಿಗೆ ಸುಲಭವಲ್ಲ. ವಿನಯಾ ನಿಂತರು. ಮರುವರ್ಷವೇ 'ಗೌರಿ ಗಣೇಶ'. 1994ರಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನೋಡಿದ 'ಕರುಳಿನ ಕೂಗು'. ನಡುವೆ 'ಆತಂಕ' ಚಿತ್ರಕ್ಕೆ ರಾಜ್ಯದ ಉತ್ತಮ ನಟಿ ಪ್ರಶಸ್ತಿ.

1993ರಲ್ಲಿ ಫಾಜಿಲ್ ಅವರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ ಅದು. ಅದರಲ್ಲಿ ವಿನಯಾ ಅವರದು ಶ್ರೀದೇವಿಯ ಪಾತ್ರ. ಆ ಪಾತ್ರದ ಕಷ್ಟ ಮೇಲ್ನೋಟಕ್ಕೆ ಕಾಣದು. ಕತೆಯ ಗುಟ್ಟು ಕೊನೆಯ ತನಕ ಉಳಿಯಬೇಕಾದರೆ ನೋಡುವವನ ಸಂಶಯವೆಲ್ಲ ಶ್ರೀದೇವಿಯ ಮೇಲೆ ಬೀಳಬೇಕು. ಗುಟ್ಟು ಒಡೆದ ಮೇಲೆ, ಅಯ್ಯೋ ಈ ಹೆಂಗಸಿಗೆ ಅನ್ಯಾಯ ಮಾಡಿದೆವಲ್ಲ ಎಂದು ಅನಿಸಬೇಕು. ಹೆಚ್ಚು ಮಾತಿಲ್ಲದೆ ಎರಡನ್ನೂ ಮುಖದಲ್ಲೇ ತೋರಿಸಬೇಕು. ಕೇರಳದವರು ಇಂದಿಗೂ ವಿನಯಾರನ್ನು ಶ್ರೀದೇವಿ ಎಂದು ನೆನೆಸಿಕೊಳ್ಳುವುದು ಸುಮ್ಮನೆ ಅಲ್ಲ. ಆಮೇಲೆ ಏಷ್ಯಾನೆಟ್‌ನ 'ಸ್ತ್ರೀ' ಧಾರಾವಾಹಿ ಬಂದು ಅಲ್ಲಿನ ಮನೆಮನೆಯ ಮಾತಾದರು.

ಇಲ್ಲಿ ಒಂದು ಲೆಕ್ಕ ಹಾಕಿ. ಅದೇ ಕತೆ ತಮಿಳಿನಲ್ಲಿ 'ಚಂದ್ರಮುಖಿ'ಯಾಗಿ ಬಂದದ್ದು 2005ರಲ್ಲಿ, ರಜನೀಕಾಂತ್ ಸಿನಿಮಾ. ಅದರಲ್ಲಿಯೂ ವಿನಯಾ ಇದ್ದರು, ಆದರೆ ಮನೆಯ ಹಿರಿಯ ಹೆಂಗಸರ ಸಾಲಿನಲ್ಲಿ. ಹನ್ನೆರಡು ವರ್ಷಗಳಲ್ಲಿ ಮದುವೆಯ ಹೆಣ್ಣು ಹಿರಿಯ ಹೆಂಗಸಾದಳು. ಹೀರೋಗಳಿಗೆ ಈ ಲೆಕ್ಕ ಇಲ್ಲ. ಅನಂತನಾಗ್ 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಮರೆವಿನ ರೋಗದ ಮುದುಕನಾದರು, ಆದರೂ ಕತೆ ಅವರ ಸುತ್ತಲೇ ತಿರುಗಿತು. ಹೆಂಗಸಿಗೆ ವಯಸ್ಸಾದರೆ ಕತೆ ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ. ವಿನಯಾ ಅದಕ್ಕೆ ಕೂತು ಅಳಲಿಲ್ಲ. ನಾಲ್ಕು ಭಾಷೆಯಲ್ಲಿ ನಟಿಸಿದರು, ಧಾರಾವಾಹಿ ಮಾಡಿದರು, ಒಂದು ಚಿತ್ರವನ್ನು ತಾವೇ ನಿರ್ದೇಶನ ಮಾಡಿದರು. ಆದರೆ ಇದೆಲ್ಲಕ್ಕೂ ಅವರು ಬೆಂಗಳೂರು ಸೇರಬೇಕಾಯಿತು.

ಕತೆ ನಮ್ಮದು, ನಟಿ ಅಲ್ಲಿಯವರು

ಆಯಿತು, ಅದು ಹಳೆ ಕಾಲ, ಸ್ಟುಡಿಯೋ ಇದ್ದಲ್ಲಿಗೆ ಹೋಗಲೇಬೇಕಿತ್ತು ಎನ್ನಬಹುದು. ಆದರೆ ಕ್ಯಾಮರಾ ನಮ್ಮೂರಿಗೇ ಬಂದ ಮೇಲೆ ಏನಾಯಿತು?

ಮಣಿಪಾಲದಲ್ಲಿರುವ ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 'ಗುಲಾಬಿ ಟಾಕೀಸು' ಮಾಡಿದರು, 2008ರಲ್ಲಿ ಬಿಡುಗಡೆ. ಕುಂದಾಪುರ ಕಡೆಯ ಮೀನುಗಾರರ ನಡುವೆ ಇರುವ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬಂದ ಟಿ.ವಿ., ಅದರ ಮುಂದೆ ಕೂಡುವ ಹೆಂಗಸರು. ಕತೆ ನಮ್ಮದು, ಕಡಲು ನಮ್ಮದು, ಮಾತಿನ ರಾಗವೂ ನಮ್ಮದು. ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದವರು ಉಮಾಶ್ರೀ, ತುಮಕೂರು ಕಡೆಯವರು. ಅವರೂ ನಾಟಕದ ಮಣ್ಣು ಮೆಟ್ಟಿ ಬಂದವರು, ಆ ಪ್ರಶಸ್ತಿ ಅವರಿಗೆ ನೂರಕ್ಕೆ ನೂರು ಸಲ್ಲಬೇಕಾದದ್ದೇ.

2014ರಲ್ಲಿ ಉಡುಪಿಯ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಮಾಡಿದರು. ಮಲ್ಪೆಯ ಬಂದರು, ಅಷ್ಟಮಿಯ ಹುಲಿವೇಷ ಎಲ್ಲ ಅದರಲ್ಲಿ ಉಂಟು. ಮೀನು ಮಾರುವ ರತ್ನಕ್ಕನ ಪಾತ್ರಕ್ಕೆ ಬಂದವರು ತಾರಾ. ಅವರೂ ಚೆನ್ನಾಗಿಯೇ ಮಾಡಿದರು.

ಹೊರಗಿನವರು ಬರಬಾರದು ಎಂದು ಯಾರೂ ಹೇಳುವುದಿಲ್ಲ. ನಮ್ಮವರು ಹೊರಗೆ ಹೋಗಿ ಹೆಸರು ಮಾಡಿದ ಹಾಗೆ ಹೊರಗಿನವರು ಇಲ್ಲಿಗೆ ಬರಲಿ. ಪ್ರಶ್ನೆ ಬೇರೆಯೇ. ಇಲ್ಲಿನ ಹೆಂಗಸಿನ ಪಾತ್ರ ಬರೆದವರಿಗೆ ಇಲ್ಲೇ ಒಬ್ಬ ನಟಿ ಇರಬಹುದು ಎಂದು ಹೊಳೆಯಲಿಲ್ಲವೇ? ಅಥವಾ ಹುಡುಕಿದರೂ ಸಿಗದ ಹಾಗೆ ನಾವೇ ಇಟ್ಟುಕೊಂಡಿದ್ದೆವೇ?

2022ರಲ್ಲಿ ಅದಕ್ಕೆ ಅರ್ಧ ಉತ್ತರ ಬಂತು. 'ಕಾಂತಾರ'ದವರು ನಮ್ಮ ರಂಗಭೂಮಿಯನ್ನು ಜಾಲಾಡಿದರು. ಪ್ರಕಾಶ್ ತೂಮಿನಾಡು, ದೀಪಕ್ ರೈ ಪಾಣಾಜೆಯವರಂಥ ನಾಟಕದವರು ಬಂದರು, ಕೊಡವೂರಿನ ಮಾನಸಿ ಬಂದರು. ಅರ್ಧ ಎಂದೆ ಯಾಕೆಂದರೆ, ಅಮ್ಮನ ಪಾತ್ರ ಉಡುಪಿಗೆ ಬಂದರೂ ನಾಯಕಿ ಲೀಲಾಳ ಪಾತ್ರ ಬೆಂಗಳೂರಿನ ಸಪ್ತಮಿ ಗೌಡರಿಗೆ ಹೋಯಿತು. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1'ರಲ್ಲಿಯೂ ನಾಯಕಿ ಬೆಂಗಳೂರಿನ ರುಕ್ಮಿಣಿ ವಸಂತ್. ಊರಿನ ಗಂಡುಮಗ ಹೀರೋ ಆಗಬಹುದು. ಊರಿನ ಹೆಣ್ಣುಮಗಳು ಹೀರೋನ ಅಮ್ಮ ಆಗಬಹುದು. ಅಷ್ಟರ ಮಟ್ಟಿಗೆ ಬಾಗಿಲು ತೆರೆದಿದೆ.

ಮುಖ ಪಳಗಿದ್ದು ಎಲ್ಲಿ?

ಮಾನಸಿಯವರಿಗೆ ಈ ಪಾತ್ರ ಲಾಟರಿಯಲ್ಲಿ ಬಂದದ್ದಲ್ಲ. ಭರತನಾಟ್ಯದಲ್ಲಿ ಅಭಿನಯ ಎಂಬುದೇ ಒಂದು ಪಾಠ. ಒಂದೇ ಸಾಲನ್ನು ತಾಯಿಯಾಗಿ, ಗೆಳತಿಯಾಗಿ, ಮುನಿದವಳಾಗಿ ಬೇರೆ ಬೇರೆ ತೋರಿಸುತ್ತ ವರ್ಷಗಟ್ಟಲೆ ಮುಖವನ್ನು ಪಳಗಿಸಬೇಕು. ಕೊರೊನಾ ಬಂದು ವೇದಿಕೆಗಳೆಲ್ಲ ಮುಚ್ಚಿದ ಕಾಲದಲ್ಲಿ ಕನ್ನಡದ ಕವಿತೆಗಳನ್ನು ಅಭಿನಯದೊಡನೆ ಹಾಡಿ ಮೊಬೈಲಿನಲ್ಲಿ ಹರಿಯಬಿಟ್ಟರು. ಆಡಂಬರ ಇಲ್ಲ, ಸೆಟ್ಟಿಂಗ್ ಇಲ್ಲ. ಒಂದು ಮುಖ, ಒಂದು ಕವಿತೆ. ಮನೆಮನೆಯಲ್ಲಿ ಜನ ಅದನ್ನು ನೋಡಿದರು, ಒಬ್ಬರಿಂದ ಒಬ್ಬರಿಗೆ ಕಳಿಸಿದರು. ಸಿನಿಮಾದ ಕಮಲನ ಹುಬ್ಬು ಗಂಟಿಕ್ಕುವುದನ್ನು ನೋಡುವಾಗ ಆ ಅಭ್ಯಾಸ ನೆನಪಾಗುತ್ತದೆ.

ಮಾನಸಿ ಒಬ್ಬರೇ ಆಕಾಶದಿಂದ ಉದುರಿದವರೂ ಅಲ್ಲ. ಇಲ್ಲಿನ ನೆಲ ಹದವಾಗಿದೆ. ಕುತ್ಪಾಡಿ ಆನಂದ ಗಾಣಿಗರು 1965ರಲ್ಲಿ ಕಟ್ಟಿದ 'ರಂಗಭೂಮಿ ಉಡುಪಿ' ದಶಕಗಳಿಂದ ಕನ್ನಡ ನಾಟಕ ಸ್ಪರ್ಧೆ ನಡೆಸಿಕೊಂಡು ಬಂದಿದೆ. ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಚಳಿಯಲ್ಲಿ ಕೂತು ನಾಟಕ ನೋಡಿದವರು ನಮ್ಮಲ್ಲಿ ಸಾವಿರಗಟ್ಟಲೆ ಇದ್ದಾರೆ. ಕೊಡವೂರಿನದ್ದೇ ಇನ್ನೊಂದು ತಂಡ ಸುಮನಸಾ, ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ರಂಗಹಬ್ಬ ಮಾಡುತ್ತದೆ. ಕಾಪುವಿನಲ್ಲಿ ರಂಗತರಂಗದ ತುಳು ನಾಟಕಗಳು. ಕಾರ್ಕಳದಲ್ಲಿ ಕೋಟಿ ಚೆನ್ನಯ ಥೀಮ್ ಪಾರ್ಕಿನಲ್ಲಿ ಸರಕಾರದ ಯಕ್ಷರಂಗಾಯಣ. ಬೇರೆ ಎಷ್ಟು ಜಿಲ್ಲೆಗೆ ಈ ಭಾಗ್ಯ ಉಂಟು?

ಹೆಣ್ಣು ಪಾತ್ರಕ್ಕೆ ಫೋನು

ಇಷ್ಟಿದ್ದೂ ಯಾವುದಾದರೂ ಹವ್ಯಾಸಿ ತಂಡದ ನಿರ್ದೇಶಕರನ್ನು ಕೇಳಿ ನೋಡಿ. ಹತ್ತು ಗಂಡು ಪಾತ್ರಕ್ಕೆ ಇಪ್ಪತ್ತು ಮಂದಿ ಸಾಲು ನಿಲ್ಲುತ್ತಾರೆ. ಎರಡು ಹೆಣ್ಣು ಪಾತ್ರಕ್ಕೆ ಊರೂರಿಗೆ ಫೋನು ಮಾಡಬೇಕು.

ಇದಕ್ಕೆ ಹಳೇ ಕಾರಣ ಒಂದುಂಟು. ಯಕ್ಷಗಾನದಲ್ಲಿ ಸ್ತ್ರೀವೇಷ ಅಂದರೆ ಗಂಡಸರದ್ದು. ಕೋಳ್ಯೂರು ರಾಮಚಂದ್ರ ರಾಯರು, ಪಾತಾಳ ವೆಂಕಟರಮಣ ಭಟ್ಟರು ಹೆಣ್ಣಿನ ಒನಪನ್ನು ಎಷ್ಟು ಚಂದ ತೋರಿಸಿದರೆಂದರೆ, ಮತ್ತೆ ಹೆಣ್ಣು ಯಾಕೆ ಬೇಕು ಎಂದು ಜನ ಕೇಳಿದರು. ತುಳು ನಾಟಕದಲ್ಲಿಯೂ ಬಹುಕಾಲ ಅದೇ ನಡೆಯಿತು. ಕಲೆಯಾಗಿ ಅದು ದೊಡ್ಡದು, ಎರಡು ಮಾತಿಲ್ಲ. ಆದರೆ ರಾತ್ರಿ ರಂಗಸ್ಥಳಕ್ಕೆ ಹತ್ತುವ ಅಭ್ಯಾಸವೇ ನಮ್ಮ ಹೆಣ್ಣುಮಕ್ಕಳಿಗೆ ಆಗಲಿಲ್ಲ.

ಈಗ ಆ ಗೋಡೆ ಕುಸಿಯುತ್ತ ಇದೆ. ಉಡುಪಿಯ ಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟಿನ ತರಗತಿಗೆ ಹುಡುಗಿಯರೂ ಬರುತ್ತಾರೆ, ಕಿರೀಟ ಕಟ್ಟಿ ಗಂಡುವೇಷವನ್ನೂ ಮಾಡುತ್ತಾರೆ. ಆದರೆ ಎಸ್ಸೆಸ್ಸೆಲ್ಸಿ ಬಂತು, ಪಿಯುಸಿ ಬಂತು, ಗೆಜ್ಜೆ ಪೆಟ್ಟಿಗೆಗೆ ಹೋಯಿತು. ಕಾಲೇಜಿನಲ್ಲಿ ಉತ್ತಮ ನಟಿ ಬಹುಮಾನ ತಂದ ಹುಡುಗಿ ಕೆಲಸ, ಮದುವೆ ಎಂದು ಹೋದರೆ ಮತ್ತೆ ರಂಗದ ಮೇಲೆ ಕಾಣುವುದಿಲ್ಲ. ಅವಳ ಜೊತೆ ನಟಿಸಿದ ಹುಡುಗ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ರಿಹರ್ಸಲ್ಲಿಗೆ ಬರುತ್ತಾನೆ.

ಉಳಿದ ಕಾರಣಗಳು ಇಂದಿನವು. ಕೆಲಸ ಬಿಟ್ಟು ಬರುವವರ ರಿಹರ್ಸಲ್ ಶುರುವಾಗುವುದೇ ಸಂಜೆ ಏಳಕ್ಕೆ. ಮುಗಿಯುವಾಗ ಹತ್ತು. ಕಾರ್ಕಳಕ್ಕೋ ಕಾಪುವಿನ ಒಳಹಳ್ಳಿಗೋ ಆ ಹೊತ್ತಿಗೆ ಬಸ್ಸೆಲ್ಲಿ? ಹುಡುಗನಾದರೆ ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಾನೆ. ಹುಡುಗಿಯ ಅಪ್ಪ ಗೇಟಿನಲ್ಲಿ ನಿಂತಿರುತ್ತಾರೆ. ಅಪ್ಪನನ್ನು ಹಳೇ ಕಾಲದವರು ಎಂದು ಬೈಯುವುದು ಸುಲಭ. ಆದರೆ ಅವರ ಹೆದರಿಕೆ ಪೂರಾ ಸುಳ್ಳೂ ಅಲ್ಲ. 2024ರ ಆಗಸ್ಟಿನಲ್ಲಿ ಕೇರಳದಲ್ಲಿ ಹೇಮಾ ಸಮಿತಿ ವರದಿ ಹೊರಗೆ ಬಂತು. ಮಲಯಾಳಂ ಸಿನಿಮಾದಲ್ಲಿ ಹೆಂಗಸರು ಅನುಭವಿಸುವ ಕಿರುಕುಳದಿಂದ ಹಿಡಿದು ಸೆಟ್ಟಿನಲ್ಲಿ ಶೌಚಾಲಯ ಇಲ್ಲದ ತನಕ ಅದರಲ್ಲಿ ಬರೆದಿತ್ತು. ಮುಂದಿನ ತಿಂಗಳೇ ನಮ್ಮಲ್ಲಿಯೂ ಅಂಥ ಸಮಿತಿ ಬೇಕೆಂದು 'ಫೈರ್' ಸಂಘಟನೆಯವರು ಸರಕಾರವನ್ನು ಕೇಳಿದರು. ಹತ್ತು ಜನ ಕೆಲಸ ಮಾಡುವಲ್ಲಿ ದೂರು ಸಮಿತಿ ಇರಬೇಕೆಂದು 2013ರಿಂದ ಕಾನೂನೇ ಉಂಟು. ಕಾನೂನು ಪುಸ್ತಕದಲ್ಲಿ ಮಲಗಿದ್ದರೆ ಅಪ್ಪ ಗೇಟು ತೆರೆಯುವುದು ಹೇಗೆ?

ಇನ್ನೊಂದು, ದುಡ್ಡು. ಹವ್ಯಾಸಿ ನಾಟಕದಿಂದ ಹೊಟ್ಟೆ ತುಂಬದು. ಧಾರಾವಾಹಿಯಲ್ಲಿ ದಿನಕ್ಕಿಷ್ಟು ಎಂದು ಸಿಗುತ್ತದೆ, ಅದರ ಶೂಟಿಂಗ್ ಹೆಚ್ಚಾಗಿ ಬೆಂಗಳೂರಿನಲ್ಲಿ. ಹಾಗಾಗಿ ಚೂಟಿ ಹುಡುಗಿಯರು ರಾತ್ರಿ ಬಸ್ಸು ಹತ್ತುತ್ತಾರೆ. ಹತ್ತುವವರನ್ನು ತಡೆಯಬಾರದು. ಹತ್ತಲಾಗದವರ ಕತೆ ಏನು ಎಂಬುದು ಪ್ರಶ್ನೆ.

ಆಗಬೇಕಾದ್ದು

ಕೊಡವೂರಿನ ಮಾದರಿಯಿಂದ ಕಲಿಯುವುದು ಇಷ್ಟು. ಮಾನಸಿಗೆ ಉಡುಪಿಯಲ್ಲಿ ನಿಲ್ಲಲು ಒಂದು ಆಧಾರ ಇತ್ತು, ನೃತ್ಯಶಾಲೆ. ದಿನನಿತ್ಯ ಅಭ್ಯಾಸ ತಪ್ಪದ ಕೆಲಸ, ಮನೆಯವರು ಜೊತೆಗೇ ಇರುವ ಕೆಲಸ. ಆದ್ದರಿಂದ ಸಿನಿಮಾ ಹುಡುಕಿಕೊಂಡು ಬಂದಾಗ ಅವರು ತಯಾರಾಗಿ ಇದ್ದರು. ಆಧಾರ ಇಲ್ಲದ ಹುಡುಗಿ ಮೂರು ವರ್ಷ ಕಾಯಲಾರಳು.

ಅಂಥ ಆಧಾರಗಳನ್ನು ಜಿಲ್ಲೆ ಹೆಚ್ಚಿಸಬಹುದು. ಕಾರ್ಕಳದ ರಂಗಾಯಣದಲ್ಲಿ ಸಂಬಳದ ಕಲಾವಿದರ ಸಾಲಿನಲ್ಲಿ ಸ್ಥಳೀಯ ಹುಡುಗಿಯರಿಗೆ ಜಾಗ ಇರಲಿ. ಶಾಲೆಗಳಿಗೆ ರಂಗಶಿಕ್ಷಕಿಯರು ಬೇಕು ಎಂದು ಎಷ್ಟು ವರ್ಷದಿಂದ ಮಾತು ನಡೆಯುತ್ತ ಇದೆ, ಅದು ಕಾಗದದಿಂದ ಕೆಳಗೆ ಇಳಿಯಲಿ. ತಂಡಗಳು ರಿಹರ್ಸಲ್ಲನ್ನು ಭಾನುವಾರ ಹಗಲಿಗೆ ತರಲಿ. ರಾತ್ರಿಯೇ ಆಗಬೇಕಾದರೆ ಹುಡುಗಿಯರನ್ನು ಮನೆಗೆ ಬಿಡುವ ವಾಹನದ ಖರ್ಚನ್ನು ನಾಟಕದ ಖರ್ಚಿಗೆ ಸೇರಿಸಲಿ. ಲೈಟಿಗೆ, ಮೈಕಿಗೆ, ಊಟಕ್ಕೆ ಲೆಕ್ಕ ಇಡುವವರಿಗೆ ಇದೊಂದು ಭಾರವಾಗದು.

ಮತ್ತೆ ಒಂದು, ಬರೆಯುವವರಿಗೆ. ಹೀರೋನ ಅಮ್ಮ, ಹೀರೋನ ತಂಗಿ, ಹೀರೋ ಬೆನ್ನಟ್ಟುವ ಹುಡುಗಿ ಸಾಕು. ಬೆಳಗ್ಗಿನ ಜಾವ ಮಲ್ಪೆ ಬಂದರಿನಲ್ಲಿ ಮೀನು ಏಲಂ ಹಿಡಿಯುವವರು ಯಾರು? ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು ಯಾರು? ಮಣಿಪಾಲದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮೊದಲ ಬಸ್ಸಿಗೆ ಕಾರ್ಕಳಕ್ಕೆ ಹೋಗುವವರು ಯಾರು? ಇವರ ಕತೆ ಬರೆದರೆ ನಾಯಕಿಯನ್ನು ಹುಡುಕಲು ನಾನೂರು ಕಿಲೋಮೀಟರ್ ಹೋಗುವ ಅಗತ್ಯ ಬೀಳದು. ವೈದೇಹಿ ಒಬ್ಬ ಸೂಲಗಿತ್ತಿಯ ಕತೆ ಬರೆದದ್ದರಿಂದ ತಾನೇ ಒಬ್ಬ ನಟಿಗೆ ರಾಷ್ಟ್ರಪ್ರಶಸ್ತಿ ಬಂತು.

ಕೊನೆಗೆ ನೋಡುವವರು, ಅಂದರೆ ನಾವು. ಸಿನಿಮಾ ಗೆದ್ದ ಮೇಲೆ ನಮ್ಮೂರಿನವರು ಎಂದು ಹೇಳಿಕೊಳ್ಳಲು ಎಲ್ಲರೂ ಮುಂದು. ಶಾಲು ಹೊದೆಸಲು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಲು ನೂಕುನುಗ್ಗಲು. ಅದೇ ನಟಿ ಗೆಲ್ಲುವುದಕ್ಕೆ ಮೊದಲು ಊರಿನ ಸಭಾಭವನದಲ್ಲಿ ಆಡಿದಾಗ ಮುಂದಿನ ಎರಡು ಸಾಲು ಖಾಲಿ ಇರುತ್ತದೆ. ಈ ಸಲ ನಾಟಕ ಸ್ಪರ್ಧೆ ಬಂದಾಗ ಟಿಕೆಟು ಪಾಸು ಎಂದು ನೋಡದೆ ಮುದ್ದಣ ಮಂಟಪಕ್ಕೋ ಭುಜಂಗ ಪಾರ್ಕಿಗೋ ಒಂದು ಸಂಜೆ ಹೋಗಿ ಬನ್ನಿ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ನಾಟಕ ಮುಗಿದ ಮೇಲೆ ಪಾತ್ರಧಾರಿಗಳ ಪರಿಚಯ ಮಾಡುತ್ತಾರೆ, ಆಗ ಎದ್ದು ಹೊರಡಬೇಡಿ. ಮೈಕಿನಲ್ಲಿ ಹೇಳುವ ಆ ಹುಡುಗಿಯ ಹೆಸರನ್ನು ಕೇಳಿಸಿಕೊಂಡು ಬನ್ನಿ.